ನಮ್ಮೂರಿನ ಪಾಲಿಯೇಟಿವ್ ನೆರೆಕರೆ: ಐದರಲ್ಲಿ ನಾಲ್ಕು ನಕ್ಷತ್ರ

ಅಪ್ಪನಿಗೆ ಎಂಬತ್ತು ದಾಟಿದೆ, ಅಮ್ಮನಿಗೆ ಮಂಡಿನೋವು. ನಾನು ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿ, ತಮ್ಮ ಅಬುಧಾಬಿಯಲ್ಲಿ. ಕಾಸರಗೋಡಿನ ಗಡಿ ಪಂಚಾಯತುಗಳಲ್ಲಿ ಇಂಥ ಮನೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಪ್ರತಿ ತೋಟಕ್ಕೊಂದು ಸಿಗುತ್ತದೆ. ಮಂಗಳೂರಿಗೆ ಬನ್ನಿ ಎಂದರೆ ಅಪ್ಪನ ಉತ್ತರ ಒಂದೇ: "ನಿನ್ನ ಫ್ಲ್ಯಾಟಿನಲ್ಲಿ ನಾನು ಎಲೆಯಡಿಕೆ ಉಗಿಯುವುದೆಲ್ಲಿಗೆ?"

ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತ ಮೇಲೆ ಒಂದು ಏಜೆನ್ಸಿಯಿಂದ ಹೋಂ ನರ್ಸ್ ತರಿಸಿದೆವು. ಹುಡುಗ ಕೆಟ್ಟವನಲ್ಲ. ಆದರೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಗುಡ್ಡದ ಮನೆಯಲ್ಲಿ ಅವನಿಗೆ ನಿಲ್ಲಲಾಗಲಿಲ್ಲ. ಆಮೇಲೆ ವಾರ್ಡಿನ ಆಶಾ ಕಾರ್ಯಕರ್ತೆಯೇ ಅಪ್ಪನ ಹೆಸರನ್ನು ಪಾಲಿಯೇಟಿವ್‌ಗೆ, ಅಂದರೆ ದೀರ್ಘ ಕಾಯಿಲೆಯವರನ್ನು ಮನೆಗೇ ಬಂದು ನೋಡಿಕೊಳ್ಳುವ ಸೇವೆಗೆ, ಬರೆಸಿದರು. ಅಪ್ಪನಿಗೆ ಸಿಟ್ಟು ಬಂತು, "ಅದು ಇಂದೋ ನಾಳೆಯೋ ಅನ್ನುವವರಿಗೆ" ಅಂತ. ಹಾಗೇನಿಲ್ಲ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಶುರುವಾದಾಗ ಮುಖ್ಯವಾಗಿ ಕ್ಯಾನ್ಸರ್ ನೋವಿಗೆ ಇದ್ದದ್ದು ಹೌದು. ಆಮೇಲೆ ಮಲಪ್ಪುರಂ ಕಡೆಯಲ್ಲಿ ಊರಿನವರೇ ತರಬೇತಿ ಪಡೆದು ನಡೆಸತೊಡಗಿದರು, 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಹಾಸಿಗೆ ಹಿಡಿದ ಮುದುಕರೂ ಅದರ ಲೆಕ್ಕದಲ್ಲಿದ್ದಾರೆ.

ಜೀಪಿನಲ್ಲಿ ನರ್ಸ್ ಬರುತ್ತಾರೆ. ಬಿ.ಪಿ., ಶುಗರ್ ನೋಡುವುದು, ಟ್ಯೂಬ್ ಬದಲಿಸುವುದು, ಹುಣ್ಣಿದ್ದರೆ ಡ್ರೆಸ್ಸಿಂಗ್ ಎಲ್ಲ ಅವರ ಪಾಲು. ಅಚ್ಚುಕಟ್ಟಾಗಿ ಮಾಡುತ್ತಾರೆ, ಆದರೆ ಅದು ಅರ್ಧ ಗಂಟೆಯ ಕೆಲಸ. ನಾನು ನಕ್ಷತ್ರ ಕೊಡುತ್ತಿರುವುದು ಜೀಪು ಹೋದ ಮೇಲೂ ಬರುವವರಿಗೆ: ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಇಬ್ಬರು ಅಕ್ಕಂದಿರು, ರಿಟೈರಾದ ಒಬ್ಬರು ಮಾಷ್ಟ್ರು, ಕವಲುದಾರಿಯ ಆಟೋದ ಹುಡುಗ. ಎಲ್ಲರೂ ಕೂಗಿದರೆ ಕೇಳುವಷ್ಟು ದೂರದವರು.

ಅಪ್ಪ ಮಲಗಿದ್ದಂತೆಯೇ ಬೆಡ್‌ಶೀಟ್ ಬದಲಿಸುವುದನ್ನು ಅಮ್ಮನಿಗೆ ಕಲಿಸಿದ್ದು ಆ ಅಕ್ಕಂದಿರು. ಅಪ್ಪನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯದನ್ನು ಸುರುಳಿ ಸುತ್ತಿ ಬೆನ್ನಿನ ಹತ್ತಿರಕ್ಕೆ ತಳ್ಳಿ, ಹೊಸದನ್ನು ಅದರ ಪಕ್ಕಕ್ಕೇ ಹಾಸಿ, ಆಚೆ ಮಗ್ಗುಲಿಗೆ ಹೊರಳಿಸಿ ಎಳೆದುಕೊಳ್ಳುವುದು. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಗಂಜಿ ಕೊಡುವಾಗ ನೆಟ್ಟಗೆ ಕೂರಿಸಿ ಗಲ್ಲ ಸ್ವಲ್ಪ ತಗ್ಗಿಸಬೇಕು, ಉಂಡ ಕೂಡಲೇ ಮಲಗಿಸಬಾರದು. ಅಮ್ಮ ಅಲ್ಲಿಯವರೆಗೆ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಳೆದೆಳೆದು ತನ್ನ ಸೊಂಟವನ್ನೇ ಮುರಿದುಕೊಳ್ಳುವುದರಲ್ಲಿದ್ದರು. ಕಾಗದದಲ್ಲಿ ರೋಗಿ ಅಪ್ಪ. ನಿಜಕ್ಕೂ ಈ ಸೇವೆ ಉಳಿಸಿದ್ದು ಅಮ್ಮನನ್ನು. ವಾರದಲ್ಲೆರಡು ಮಧ್ಯಾಹ್ನ ಮಾಷ್ಟ್ರು ಬಂದು ಕೂತರೆ ಅಮ್ಮ ಒಳಗೆ ಹೋಗಿ ನಿದ್ದೆ ಮಾಡುತ್ತಾರೆ. ಹೊರಗೆ ಅಪ್ಪನಿಗೂ ಮಾಷ್ಟ್ರಿಗೂ ಅಡಿಕೆ ಧಾರಣೆಯ ಮೇಲೆ, ಹಿಂದೆಂದೋ ಕೇಳಿದ ತಾಳಮದ್ದಳೆಯ ಕೃಷ್ಣನ ಮೇಲೆ ಜಗಳ. ನಾಲಿಗೆ ತೊದಲುತ್ತಿದ್ದ ಅಪ್ಪ ಸೋಲಬಾರದೆಂದೇ ಮಾತು ಕೂಡಿಸಿಕೊಂಡಿದ್ದಾರೆ ಅಂತ ನನಗೆ ಗುಮಾನಿ.

ಆಟೋದ ಹುಡುಗ ಮೊದಲಿನಿಂದಲೂ ಹಾಗೆಯೇ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಾನು ಆಚೆ, ಅಮ್ಮನ ಶುಗರಿನ ಮಾತ್ರೆ ಮುಗಿದು ಅವರು ಈಚೆ. ಯಾರೂ ಹೇಳದೆ ಚೀಟಿ ಕೇಳಿಕೊಂಡು ಹೋಗಿ ಕಾಸರಗೋಡಿನಿಂದ ತಂದುಕೊಟ್ಟವನು ಅವನು.

ಇನ್ನು ಒಂದು ನಕ್ಷತ್ರ ಹೋದದ್ದೆಲ್ಲಿ? ರೋಗಿಯ ವಿವರ ಬರೆದು ಮನೆಯಲ್ಲಿಡುವ ಪುಸ್ತಕ ಪೂರಾ ಮಲಯಾಳದಲ್ಲಿ. ಅಮ್ಮನಿಗೆ ಸಂತೆಯ ಮಲಯಾಳ ಗೊತ್ತು, ಓದಲು ಬಾರದು. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಭಾಷಣದಲ್ಲಿ ಕೇಳುತ್ತೇವೆ, ಮಾತ್ರೆಯ ಹೊತ್ತನ್ನು ಕನ್ನಡದಲ್ಲಿ ಬರೆದುಕೊಡಲು ಮಾಷ್ಟ್ರೇ ಬೇಕಾಯಿತು. ರಾತ್ರಿಗೆ ಯಾರೂ ಇಲ್ಲ. ಅಡಿಕೆ ಕೊಯ್ಲು, ಕೋಲ, ಜಾತ್ರೆ ಬಂದರೆ ಹಗಲಿಗೂ ಎಳೆದಾಟ. ಬರುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರೇ, ಅವರ ಮಂಡಿಯನ್ನು ಕೇಳುವವರು ಯಾರೋ. ಒಮ್ಮೆ ಹೊಸಬರೊಬ್ಬರು ಲುಂಗಿ ಸರಿದಿದ್ದ ಅಪ್ಪನ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದರು. ಫೋನು ಮಾಡಿ ಅಳಿಸಲು ಹೇಳಿದೆ, ಅಳಿಸಿದರು, ಮತ್ತೆ ಹಾಗಾಗಿಲ್ಲ. ಬಂದವರೆಲ್ಲ ಒಂದೊಂದು ಕಷಾಯ ಹೇಳಿ ಹೋಗುವುದಕ್ಕೆ ಮಾತ್ರ ಮದ್ದಿಲ್ಲ.

ಖರ್ಚು ಸೊನ್ನೆ. ಗಾಳಿ ಹಾಸಿಗೆಯೂ ವಾಕರ್ರೂ ಎರವಲು, ಕೆಲಸ ಮುಗಿದ ಮೇಲೆ ಮರಳಿಸಬೇಕು. ಅಮ್ಮ ಕೊಡುವ ಚಾ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಜನವರಿ 15ರ ಪಾಲಿಯೇಟಿವ್ ದಿನಕ್ಕೆ ಡಬ್ಬಿ ಹಿಡಿದು ಬಂದಾಗ ಏಜೆನ್ಸಿಯ ಬಿಲ್ಲನ್ನು ನೆನೆಸಿಕೊಂಡು ಹಾಕಿ.

ಬೇಕಾದವರು ಆಶಾ ಕಾರ್ಯಕರ್ತೆಗೋ ವಾರ್ಡ್ ಮೆಂಬರರಿಗೋ ಹೇಳಿದರೆ ಸಾಕು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಮನೆಯಲ್ಲಿರಲಿ. ಕನ್ನಡವೋ ತುಳುವೋ ಬರುವವರೇ ಬೇಕೆಂದು ಮೊದಲ ದಿನವೇ ಕೇಳಿ, ಸಂಕೋಚ ಬೇಡ. ರಾತ್ರಿಗೆ ಮಾತ್ರ ನಿಮ್ಮದೇ ಏರ್ಪಾಡು ಮಾಡಿಕೊಳ್ಳಬೇಕು. ನಾವು ತೋಟದ ಕೆಲಸದವರ ಮಗನಿಗೆ ಸಂಬಳ ಕೊಟ್ಟು ಚಾವಡಿಯಲ್ಲಿ ಮಲಗಿಸುತ್ತಿದ್ದೇವೆ.