ಪಿಸಿ ಬಳಗ, ಕನ್ಸೋಲ್ ಬಳಗ: ಎರಡೂ ಕಡೆ ಆಡಿ ಕಂಡದ್ದು

ಕ್ರಿಕೆಟ್ 07 ಎಂಬ ವಿಡಿಯೋ ಗೇಮನ್ನು ಇಎ ಕಂಪನಿ ಹೊರತಂದದ್ದು 2006ರ ನವೆಂಬರ್‌ನಲ್ಲಿ. ಐಪಿಎಲ್ ಶುರುವಾದದ್ದು 2008ರ ಏಪ್ರಿಲ್‌ನಲ್ಲಿ. ಆದರೂ ಆ ಆಟದಲ್ಲಿ ನಾನು ಆರ್‌ಸಿಬಿ ಪರ ನೂರಾರು ಮ್ಯಾಚ್ ಆಡಿದ್ದೇನೆ. ದ್ರಾವಿಡ್ ಇದ್ದರು, ಕುಂಬ್ಳೆ ಇದ್ದರು, ಜೆರ್ಸಿಯೂ ಸರಿಯಾದ ಕೆಂಪು. ಇದನ್ನೆಲ್ಲ ಮಾಡಿದ್ದು ಕಂಪನಿಯಲ್ಲ. ಆಡುತ್ತಿದ್ದವರೇ ಕೂತು ಫೈಲ್ ಬಿಚ್ಚಿ, ಹೆಸರು ತಿದ್ದಿ, ಬಟ್ಟೆಯ ಬಣ್ಣ ಬದಲಿಸಿ ಪ್ಯಾಚ್ ಮಾಡಿ ಹಂಚಿದ್ದರು. ಹಾಸನದ ನಮ್ಮ ಹಾಸ್ಟೆಲ್‌ಗೆ ಅದು ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಲ್ಲಿ ಬಂತು.

ಅದೇ ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪಿಎಸ್2 (ಟಿವಿಗೆ ಜೋಡಿಸಿ ಆಡುವ ಸೋನಿಯ ಕನ್ಸೋಲ್) ಪಾರ್ಲರ್ ಇತ್ತು. ಗಂಟೆಗೆ 20 ರೂಪಾಯಿ. ಅಲ್ಲೂ ಕ್ರಿಕೆಟ್ 07 ಆಡುತ್ತಿದ್ದರು. ಆದರೆ ಡಿಸ್ಕ್ ಹೇಗೆ ಬಂದಿತ್ತೋ ಹಾಗೇ ಇತ್ತು. ಕಂಪನಿಗೆ ಹೆಸರು ಬಳಸುವ ಲೈಸೆನ್ಸ್ ಇಲ್ಲದ್ದರಿಂದ ಭಾರತ ತಂಡದವರಿಗೆ ನಿಜವಾದ ಹೆಸರು ಕೂಡ ಇರಲಿಲ್ಲ. ಅಲ್ಲಿ ಯಾರಿಗೂ ಅದರ ಚಿಂತೆ ಇರಲಿಲ್ಲ. ಒಂದು ಟಿವಿ ಮುಂದೆ ಏಳೆಂಟು ಜನ. ಸೋತವನು ಕಂಟ್ರೋಲರ್ ಬಿಟ್ಟುಕೊಡಬೇಕು. "ಅಣ್ಣಾ, ಇನ್ನೊಂದು ಅರ್ಧ ಗಂಟೆ" ಅಂತ ಪಾರ್ಲರ್‌ನವರನ್ನು ಕೇಳದೆ ಯಾರೂ ಎದ್ದು ಹೋಗುತ್ತಿರಲಿಲ್ಲ.

ಒಂದೇ ಆಟ. ಅದರ ಸುತ್ತ ಸೇರಿದ ಜನ ಮಾತ್ರ ಎರಡು ಥರ. ನಾನು 2008ರಿಂದ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿ ಪಿಸಿಯಲ್ಲೇ ಆಡಿದೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ 2015ರಲ್ಲಿ ಸೆಕೆಂಡ್ ಹ್ಯಾಂಡ್ ಪಿಎಸ್4 ತಗೊಂಡೆ. ಆರು ವರ್ಷ ಅದೇ. ಆಮೇಲೆ ಮತ್ತೆ ಪಿಸಿ ಕಟ್ಟಿಸಿದೆ. ಈಗ ಮನೆಯಲ್ಲಿ ಎರಡೂ ಇವೆ. ಯಾವುದರ ಗ್ರಾಫಿಕ್ಸ್ ಚೆನ್ನಾಗಿದೆ ಅನ್ನುವುದನ್ನು ಬಹಳ ಜನ ಹೇಳಿದ್ದಾರೆ, ಅದನ್ನು ಬಿಡೋಣ. ಎಲ್ಲಿ ಎಂಥ ಜನ ಸಿಕ್ಕರು ಅನ್ನುವುದನ್ನು ಹೇಳುತ್ತೇನೆ.

ಪಿಸಿಯವರಿಂದ ಶುರು ಮಾಡುತ್ತೇನೆ. ಆ ಐಪಿಎಲ್ ಪ್ಯಾಚ್ ಹಾಕುವುದು ಸುಲಭದ ಕೆಲಸವಾಗಿರಲಿಲ್ಲ. ಆಟಗಾರರ ಪಟ್ಟಿ ಒಂದು ಕಡೆ, ಜೆರ್ಸಿ ಇನ್ನೊಂದು ಕಡೆ, ಬ್ಯಾಟ್‌ನ ಸ್ಟಿಕ್ಕರ್ ಮತ್ತೊಂದು ಕಡೆ. ಮೂಲ ಫೈಲ್‌ಗಳ ಕಾಪಿ ಎತ್ತಿಡದೆ ಕೈ ಹಾಕಿದರೆ ಆಟವೇ ತೆರೆಯುತ್ತಿರಲಿಲ್ಲ. ಒಮ್ಮೆ ಹೊಸ ಸ್ಟೇಡಿಯಂ ಹಾಕಿದ ಮೇಲೆ ಟಾಸ್ ಆಗುತ್ತಿದ್ದಂತೆ ಆಟ ಮುಚ್ಚಿಕೊಳ್ಳತೊಡಗಿತು. ಆನ್‌ಲೈನ್‌ನಲ್ಲಿ ಕೇಳಿದೆ. ಲಾಹೋರಿನ ಒಬ್ಬರು ರಾತ್ರಿ ಒಂದು ಗಂಟೆಗೆ ಉತ್ತರ ಕೊಟ್ಟರು. ಯಾವ ಫೈಲ್ ಮೊದಲು ಹಾಕಿದೆ, ಯಾವುದು ಆಮೇಲೆ, ಗ್ರಾಫಿಕ್ಸ್ ಕಾರ್ಡ್ ಯಾವುದು, ಒಂದೊಂದಾಗಿ ಕೇಳಿ, ಎರಡು ದಿನದಲ್ಲಿ ಸರಿ ಮಾಡಿಸಿದರು. ಅವರ ಮುಖ ನಾನು ನೋಡಿಲ್ಲ. ಹೆಸರೂ ಗೊತ್ತಿಲ್ಲ. ಕಂಪ್ಯೂಟರಿನ ಒಳಗೆ ಹೆದರದೆ ಕೈ ಹಾಕುವುದನ್ನು ನನಗೆ ಕಲಿಸಿದವರು ಅವರೇ. ಇವತ್ತು ನಾನು ಮಾಡುತ್ತಿರುವ ಕೆಲಸಕ್ಕೂ ಅದೇ ಬೇರು.

ಇದು ಕ್ರಿಕೆಟ್ ಆಟಕ್ಕೆ ಮಾತ್ರ ಸೇರಿದ ಸಂಗತಿ ಅಲ್ಲ. ಡಾರ್ಕ್ ಸೋಲ್ಸ್ 2011ರಲ್ಲಿ ಕನ್ಸೋಲ್‌ಗೆ ಮಾತ್ರ ಬಂತು. ಪಿಸಿಯವರು ಸಾವಿರಾರು ಸಹಿ ಸೇರಿಸಿ ಮನವಿ ಮಾಡಿದ ಮೇಲೆ 2012ರ ಆಗಸ್ಟ್‌ನಲ್ಲಿ ಪಿಸಿಗೂ ಬಂತು. ಬಂದ ಆಟ ಒರಟಾಗಿತ್ತು, ಚಿತ್ರ ಮಸುಕಾಗಿತ್ತು. ಡ್ಯೂರಾಂಟೆ ಅನ್ನುವ ಹೆಸರಿನಲ್ಲಿ ಬರೆಯುವ ಒಬ್ಬರು ಅದನ್ನು ಸರಿಪಡಿಸುವ ಡಿಎಸ್‌ಫಿಕ್ಸ್ ಎಂಬ ಚಿಕ್ಕ ತಂತ್ರಾಂಶವನ್ನು ಕೂಡಲೇ ಬರೆದು ಪುಕ್ಕಟೆಯಾಗಿ ಕೊಟ್ಟರು. ಇನ್ನು ಕೌಂಟರ್ ಸ್ಟ್ರೈಕ್ 1999ರಲ್ಲಿ ಹಾಫ್ ಲೈಫ್ ಆಟದ ಮೇಲೆ ಕಟ್ಟಿದ ಮಾಡ್ (ಆಡುವವರೇ ಮಾಡಿದ ಮಾರ್ಪಾಡು) ಆಗಿ ಹುಟ್ಟಿದ್ದು. ಡೋಟಾ ಬೆಳೆದದ್ದು ವಾರ್‌ಕ್ರಾಫ್ಟ್ 3ರ ಒಳಗೆ. ಇವೆಲ್ಲ ಬಳಗದಿಂದ ಬಂದ ಆಟಗಳು. ಪೆಟ್ಟಿಗೆ ಬಿಚ್ಚಲು ಬರುತ್ತದೆ, ಹಾಗಾಗಿ ಜನ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ತೊಂದರೆ ಬರುತ್ತದೆ. ತೊಂದರೆ ಬಂದಾಗ ಒಬ್ಬರನ್ನೊಬ್ಬರು ಕೇಳುತ್ತಾರೆ. ಪಿಸಿಯವರ ಸ್ನೇಹ ಬಹುಪಾಲು ಹೀಗೇ ಶುರುವಾಗುತ್ತದೆ.

ಕನ್ಸೋಲ್ ಪೆಟ್ಟಿಗೆ ಬಿಚ್ಚುವಂತಿಲ್ಲ. ಹಾಗಂತ ಅಲ್ಲಿ ಯಾರೂ ಏನೂ ಕಟ್ಟುವುದಿಲ್ಲ ಅಂದುಕೊಂಡಿದ್ದೆ. ಅದು ನನ್ನ ತಪ್ಪು ಅಂತ ತೋರಿಸಿದ್ದೂ ಕ್ರಿಕೆಟ್ ಆಟವೇ. ಇಎ ಕಂಪನಿ ಕ್ರಿಕೆಟ್ 07ರ ನಂತರ ಕ್ರಿಕೆಟ್ ಬಿಟ್ಟೇಬಿಟ್ಟಿತು. ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋಸ್ 2014ರಲ್ಲಿ ಡಾನ್ ಬ್ರಾಡ್ಮನ್ ಕ್ರಿಕೆಟ್ 14 ತಂದಿತು. ಅದರಲ್ಲೂ ನಮ್ಮ ಆಟಗಾರರ ನಿಜ ಹೆಸರಿಗೆ ಲೈಸೆನ್ಸ್ ಇರಲಿಲ್ಲ. ಆದರೆ ಅವರು ಆಟದೊಳಗೇ ಅಕಾಡೆಮಿ ಅನ್ನುವ ಒಂದು ಭಾಗ ಇಟ್ಟರು. ಯಾರು ಬೇಕಾದರೂ ಆಟಗಾರರನ್ನು ರೂಪಿಸಿ ಎಲ್ಲರ ಜೊತೆ ಹಂಚಿಕೊಳ್ಳಬಹುದು. ಪಿಸಿಯಲ್ಲಿ ಫೈಲ್ ಬಿಚ್ಚಿ ಮಾಡುತ್ತಿದ್ದುದನ್ನು ಇಲ್ಲಿ ಕಂಟ್ರೋಲರ್ ಹಿಡಿದು, ಸೋಫಾ ಮೇಲೆ ಕೂತು ಮಾಡಬಹುದಿತ್ತು.

ಮುಂದೆ ಡಾನ್ ಬ್ರಾಡ್ಮನ್ ಕ್ರಿಕೆಟ್ 17 ಬಂದಾಗ ನಾನು ಮೂರು ವಾರಾಂತ್ಯ ಕೂತು ಕರ್ನಾಟಕದ ರಣಜಿ ತಂಡ ಮಾಡಿದೆ. 2013-14 ಮತ್ತು 2014-15, ಸತತ ಎರಡು ವರ್ಷ ಟ್ರೋಫಿ ಗೆದ್ದ ತಂಡ. ವಿನಯ್ ಕುಮಾರ್ ಕ್ಯಾಪ್ಟನ್. ವಾಂಖೆಡೆ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ಹೊಡೆದ ಕರುಣ್ ನಾಯರ್‌ಗೆ ಮನಸಾರೆ ಅಂಕ ಕೊಟ್ಟಿದ್ದೆ. ಹಂಚಿದ ಒಂದು ವಾರಕ್ಕೆ ಪಿಎಸ್4ನಲ್ಲಿ ಕಂಗ್ಲಿಷ್‌ನಲ್ಲಿ ಒಂದು ಮೆಸೇಜ್: "ಅಣ್ಣಾ, ಟೀಮ್ ಮಸ್ತ್ ಐತಿ. ಮಿಥುನ್ ಬೌಲಿಂಗ್ ಆ್ಯಕ್ಷನ್ ಅಷ್ಟು ಸರಿ ಮಾಡ್ರಿ." ಧಾರವಾಡದ ಹುಡುಗ. ಆ್ಯಕ್ಷನ್ ಸರಿ ಮಾಡಿದೆ. ಅವತ್ತಿನಿಂದ ಅವನು ನನ್ನ ಫ್ರೆಂಡ್ಸ್ ಲಿಸ್ಟ್‌ನಲ್ಲಿದ್ದಾನೆ. ಈಗ ಅವನ ಮದುವೆಯೂ ಆಗಿದೆ, ನಾನು ಹೋಗಿ ಊಟ ಮಾಡಿ ಬಂದಿದ್ದೇನೆ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಲಾಹೋರಿನವರು ನನಗೆ ಮಾಡಿದ ಉಪಕಾರ ದೊಡ್ಡದು. ಆದರೆ ತೊಂದರೆ ಸರಿಹೋದ ದಿನವೇ ಮಾತು ನಿಂತಿತು. ಧಾರವಾಡದ ಹುಡುಗನ ಜೊತೆ ಮಾತು ಶುರುವಾದದ್ದೇ ಆಟದ ಬಗ್ಗೆ. ಆಟ ಮುಗಿಯಲಿಲ್ಲ, ಮಾತೂ ಮುಗಿಯಲಿಲ್ಲ. ಕನ್ಸೋಲ್‌ನವರ ಹತ್ತಿರ ಯಂತ್ರದ ಬಗ್ಗೆ ಮಾತಾಡಲು ಏನೂ ಇಲ್ಲ. ಎಲ್ಲರ ಮನೆಯಲ್ಲೂ ಅದೇ ಪೆಟ್ಟಿಗೆ. ಹಾಗಾಗಿ ಮಾತು ನೇರ ಆಟಕ್ಕೆ ಹೋಗುತ್ತದೆ, ಅಲ್ಲಿಂದ ಮನೆಮಠದ ಕಡೆಗೆ.

ಮಾತಿನ ವಿಷಯಕ್ಕೆ ಬಂದರೆ ಮೈಕ್ ಬಗ್ಗೆ ಹೇಳಲೇಬೇಕು. ಕೌಂಟರ್ ಸ್ಟ್ರೈಕ್ 1.6 ಕಾಲದಲ್ಲಿ ಸರ್ವರ್ ಅಂದರೆ ಒಂದು ಕಟ್ಟೆ ಇದ್ದ ಹಾಗೆ. ದಿನಾ ರಾತ್ರಿ ಊಟ ಆದ ಮೇಲೆ ಅದೇ ಸರ್ವರ್, ಅದೇ ಡಸ್ಟ್2 ಅನ್ನುವ ಮ್ಯಾಪ್, ಅದೇ ಹೆಸರುಗಳು. ಅಡ್ಮಿನ್ ಯಾರು ಅಂತ ಎಲ್ಲರಿಗೂ ಗೊತ್ತು. ಕೆಟ್ಟದಾಗಿ ಬೈದವನನ್ನು ಅವರು ಹೊರಗೆ ಹಾಕುತ್ತಿದ್ದರು. ಈಗ ಹೊಸ ಆಟಗಳಲ್ಲಿ ಬಟನ್ ಒತ್ತಿದರೆ ಕಂಪನಿಯ ಕಂಪ್ಯೂಟರೇ ಹತ್ತು ಅಪರಿಚಿತರನ್ನು ಸೇರಿಸಿ ಆಟಕ್ಕೆ ಬಿಡುತ್ತದೆ. ಅರ್ಧ ಗಂಟೆ ಆದ ಮೇಲೆ ಯಾರೂ ಯಾರಿಗೂ ಸಿಗುವುದಿಲ್ಲ. ಮತ್ತೆ ಸಿಗದವರ ಮುಂದೆ ನಾಲಿಗೆ ಹಿಡಿಯುವವರು ಕಡಿಮೆ. ಪಿಸಿಯಲ್ಲಿ ಬೈಗುಳ ಜಾಸ್ತಿಯಾದದ್ದಕ್ಕೆ ಇದೇ ಕಾರಣ ಅಂತ ನಾನು ನಂಬಿದ್ದೇನೆ. ಆ ಹಳೇ ಕಟ್ಟೆಯ ಕೆಲಸವನ್ನು ಈಗ ಡಿಸ್ಕಾರ್ಡ್ ಅನ್ನುವ ಮಾತುಕತೆಯ ಆ್ಯಪ್ ಸ್ವಲ್ಪ ಮಟ್ಟಿಗೆ ಮಾಡುತ್ತಿದೆ. ಕನ್ನಡದಲ್ಲೇ ಮಾತಾಡುವ ಗುಂಪುಗಳೂ ಅಲ್ಲಿವೆ. ಮಂಗಳೂರು, ಕಲಬುರಗಿ, ಚಾಮರಾಜನಗರ, ಮೂರೂ ಕಡೆಯ ಕನ್ನಡವನ್ನು ಒಂದೇ ಮ್ಯಾಚ್‌ನಲ್ಲಿ ಕೇಳಿದ ಖುಷಿ ನನಗೆ ಅಲ್ಲೇ ಸಿಕ್ಕಿದ್ದು.

ಕನ್ಸೋಲ್‌ನಲ್ಲಿ ಬೇರೆಯೇ ಆಯಿತು. 2002ರಲ್ಲಿ ಮೈಕ್ರೋಸಾಫ್ಟ್‌ನ ಕನ್ಸೋಲ್‌ಗೆ ಎಕ್ಸ್‌ಬಾಕ್ಸ್ ಲೈವ್ ಅನ್ನುವ ಆನ್‌ಲೈನ್ ಸೇವೆ ಶುರುವಾದಾಗ ಕಿಟ್ ಜೊತೆಗೇ ಹೆಡ್‌ಸೆಟ್ ಕೊಟ್ಟಿದ್ದರು. ಅಪರಿಚಿತರು ಮಾತಾಡಲಿ ಅನ್ನುವುದೇ ಉದ್ದೇಶ. 2008ರ ಕೊನೆಗೆ ಎಕ್ಸ್‌ಬಾಕ್ಸ್ 360ಕ್ಕೆ ಪಾರ್ಟಿ ಚಾಟ್ ಬಂತು. ಪಿಎಸ್4ಗೆ ಅದು ಮೊದಲ ದಿನದಿಂದಲೇ ಇತ್ತು. ಗೆಳೆಯರು ತಮ್ಮದೇ ಕೋಣೆ ಮಾಡಿಕೊಂಡು ಬಾಗಿಲು ಹಾಕಿಕೊಂಡರು. ಆಟಕ್ಕೆ ಮುಂಚೆ ಎಲ್ಲರೂ ಸೇರುವ ಹೊರಗಿನ ಲಾಬಿ ನಿಶ್ಶಬ್ದವಾಯಿತು. ನನ್ನ ತಂಗಿಗೆ ಇದರಿಂದ ಬಹಳ ಒಳ್ಳೆಯದಾಯಿತು. ಪಿಸಿಯಲ್ಲಿ ಅವಳು ಮೈಕ್ ಆನ್ ಮಾಡಿದ ಕೂಡಲೇ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಒಂದು ವರ್ಷ ಮೈಕ್ ಮುಟ್ಟದೆ ಆಡಿದಳು. ನನ್ನ ಪಿಎಸ್4ನಲ್ಲಿ ಅವಳ ಕಾಲೇಜಿನ ನಾಲ್ಕು ಹುಡುಗಿಯರ ಪಾರ್ಟಿ ಶುರುವಾದ ಮೇಲೆ ಮನೆ ತುಂಬ ಅವಳದೇ ಧ್ವನಿ. ಕನ್ಸೋಲ್‌ನಲ್ಲಿ ಕೆಟ್ಟವರಿಲ್ಲ ಅಂತಲ್ಲ. ಅವರಿಂದ ದೂರ ಇರುವುದು ಅಲ್ಲಿ ಸುಲಭ. ಆದರೆ ಒಬ್ಬನೇ ಹೊಸದಾಗಿ ಬಂದವನಿಗೆ ಅದೇ ಮುಚ್ಚಿದ ಬಾಗಿಲು ಕಷ್ಟ. ನನಗೆ ಮೊದಲ ಏಳೆಂಟು ತಿಂಗಳು ಮಾತಾಡಲು ಯಾರೂ ಸಿಕ್ಕಿರಲಿಲ್ಲ.

ಸಹಾಯ ಕನ್ಸೋಲ್‌ನಲ್ಲಿ ಮಾತಿಲ್ಲದೆ ಬರುತ್ತದೆ. ಬ್ಲಡ್‌ಬಾರ್ನ್ ಆಡುವಾಗ ಫಾದರ್ ಗ್ಯಾಸ್ಕಾಯಿನ್ ಅನ್ನುವ ಬಲಿಷ್ಠ ಎದುರಾಳಿಯ ಹತ್ತಿರ ನಾನು ನಾಲ್ಕು ದಿನ ಸಿಕ್ಕಿಹಾಕಿಕೊಂಡಿದ್ದೆ. ಆ ಆಟದಲ್ಲಿ ಗಂಟೆ ಬಾರಿಸಿದರೆ ಬೇರೆ ಆಟಗಾರ ನಿಮ್ಮ ಲೋಕಕ್ಕೆ ಬರಬಹುದು. ಒಬ್ಬರು ಬಂದರು, ತಲೆಬಾಗಿ ನಮಸ್ಕಾರ ಮಾಡಿದರು, ಜೊತೆಗೆ ನಿಂತು ಗೆಲ್ಲಿಸಿದರು, ಮಾಯವಾದರು. ಅದಕ್ಕೆ ಪಿಎಸ್ ಪ್ಲಸ್ ಚಂದಾ ಕಟ್ಟಿರಬೇಕು, ಅದೊಂದು ಬೇಸರ. ಪಿಸಿಯಲ್ಲಿ ಆನ್‌ಲೈನ್ ಆಡಲು ಹೀಗೆ ತಿಂಗಳ ದುಡ್ಡು ಕಟ್ಟಬೇಕಿಲ್ಲ.

ಮೋಸದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಪಿಸಿಯೇ ಹೆಚ್ಚು ನೋಯಿಸಿದ್ದು. ಒಳ್ಳೆಯ ಮಾಡ್ ಮಾಡಲು ಬಿಡುವ ಅದೇ ಬಾಗಿಲಿನಿಂದ ಗೋಡೆಯಾಚೆ ಕಾಣುವ ಹ್ಯಾಕ್ ಕೂಡ ಬರುತ್ತದೆ. 2018ರ ಅಕ್ಟೋಬರ್‌ನಲ್ಲಿ ಶಾಂಘೈನ ಕೌಂಟರ್ ಸ್ಟ್ರೈಕ್ ಟೂರ್ನಿಯಲ್ಲಿ ಭಾರತದ ತಂಡವೊಂದರ ಆಟಗಾರ ವೇದಿಕೆ ಮೇಲೆಯೇ ಸಿಕ್ಕಿಬಿದ್ದ. ಹ್ಯಾಕ್ ಫೈಲ್‌ಗೆ ವರ್ಡ್ ಅಂತ ಹೆಸರಿಟ್ಟಿದ್ದ. ತಂಡವನ್ನೇ ಮುಚ್ಚಿದರು. ಆ ದಿನಗಳಲ್ಲಿ ಹೊರದೇಶದವರ ಜೊತೆ ಆಡುವಾಗ ಹೆಸರಿನ ಮುಂದೆ ಭಾರತದ ಬಾವುಟ ಕಂಡರೆ ಸಾಕು, ಅದೇ ಫೈಲ್ ಹೆಸರು ಟೈಪ್ ಮಾಡಿ ಅಣಕಿಸುತ್ತಿದ್ದರು. ತಪ್ಪು ಒಬ್ಬನದು, ಅವಮಾನ ನಮಗೆಲ್ಲ. ಕನ್ಸೋಲ್‌ನಲ್ಲಿ ಕಂಟ್ರೋಲರ್‌ಗೆ ಸಿಕ್ಕಿಸುವ ಕಳ್ಳ ಉಪಕರಣಗಳಿವೆ, ಆದರೆ ಆರು ವರ್ಷದಲ್ಲಿ ಅನುಮಾನ ಬಂದದ್ದು ಬೆರಳೆಣಿಕೆಯಷ್ಟು ಸಲ.

ಡಿಸ್ಕ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಆಟವನ್ನು ಮಾರಲು ಬರುವುದಿಲ್ಲ. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ 14 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಅಷ್ಟೇ. ಕನ್ಸೋಲ್ ಡಿಸ್ಕ್ ಹಾಗಲ್ಲ. ಮುಗಿಸಿ ಮಾರಬಹುದು, ಬದಲಾಯಿಸಬಹುದು, ಸುಮ್ನೆ ಗೆಳೆಯನಿಗೆ ಕೊಡಬಹುದು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಹಳೇ ಡಿಸ್ಕ್ ಕೈಬದಲಾಯಿಸುವುದನ್ನು ಬಿಗಿ ಮಾಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿ, ಜನ ಸಿಟ್ಟಾದ ಮೇಲೆ ಅದೇ ತಿಂಗಳು ಹಿಂದೆ ಸರಿಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ನನಗೆ ಸಿಕ್ಕ ಗೆಳೆಯರಲ್ಲಿ ಅರ್ಧ ಜನ ಡಿಸ್ಕ್ ಕೊಡಲು ತಗೊಳ್ಳಲು ಮೆಟ್ರೋ ಸ್ಟೇಷನ್ ಬಾಗಿಲಲ್ಲಿ ಸಿಕ್ಕವರು. ಐದು ನಿಮಿಷದ ಕೆಲಸ, ಒಂದು ಕಾಫಿ, "ಗುರು, ಇದರ ಎಂಡಿಂಗ್ ಮಾತ್ರ ಮಿಸ್ ಮಾಡ್ಬೇಡ" ಅನ್ನುವ ಮಾತು. ಪಿಸಿಯವರಿಗೆ ಇಂಥ ಜಾಗ ಎಸ್.ಪಿ. ರೋಡ್. ಅಲ್ಲಿ ಅಂಗಡಿಯಿಂದ ಅಂಗಡಿಗೆ ಗ್ರಾಫಿಕ್ಸ್ ಕಾರ್ಡ್ ರೇಟು ಕೇಳುತ್ತಾ ಅಲೆಯುವಾಗ ಪಕ್ಕದಲ್ಲಿ ನಿಂತವರೇ "ಅದು ಬೇಡ, ಇದು ತಗೊಳ್ಳಿ" ಅನ್ನುತ್ತಾರೆ. ಅಪರಿಚಿತನ ದುಡ್ಡು ಉಳಿಸಲು ಅಷ್ಟು ಹೊತ್ತು ನಿಲ್ಲುವವರು ಪಿಸಿಯವರು ಮಾತ್ರ.

ಎರಡು ಬಳಗಗಳ ನಡುವಿನ ಜಗಳ ನನಗೆ ಇಷ್ಟವಿಲ್ಲ. ನಾವೇ ಮೇಲು ಅಂತ ಪಿಸಿಯವರು ಕೊಚ್ಚಿಕೊಳ್ಳುವ "ಪಿಸಿ ಮಾಸ್ಟರ್ ರೇಸ್" ಅನ್ನುವ ಇಂಗ್ಲಿಷ್ ಬಿರುದನ್ನು 2008ರಲ್ಲಿ ಒಬ್ಬ ವಿಮರ್ಶಕ ಕಟ್ಟಿದ್ದು ಅವರ ಜಂಬವನ್ನು ಗೇಲಿ ಮಾಡಲು. ಕನ್ಸೋಲ್‌ನವರೊಳಗೆ ಸೋನಿ, ಎಕ್ಸ್‌ಬಾಕ್ಸ್ ಅಂತ ಬೇರೆ ಜಗಳ. ಇದು ಸ್ವಲ್ಪವಾದರೂ ತಣ್ಣಗಾದದ್ದು ಕ್ರಾಸ್‌ಪ್ಲೇ (ಬೇರೆ ಬೇರೆ ಯಂತ್ರದವರು ಒಟ್ಟಿಗೆ ಆಡುವುದು) ಬಂದ ಮೇಲೆ. ರಾಕೆಟ್ ಲೀಗ್ 2015ರಲ್ಲಿ ಬಂದಾಗಲೇ ಪಿಎಸ್4, ಪಿಸಿಯವರು ಎದುರಾಗಿ ಆಡಬಹುದಿತ್ತು. ಆದರೆ ಗೆಳೆಯನನ್ನು ಕರೆದು ಒಂದೇ ತಂಡ ಕಟ್ಟಲು 2019ರವರೆಗೆ ಕಾಯಬೇಕಾಯಿತು. ಈಗ ಶನಿವಾರ ರಾತ್ರಿ ಹಾಸ್ಟೆಲ್ ಗೆಳೆಯ ಪಿಸಿಯಿಂದ, ಧಾರವಾಡದವನು ಪಿಎಸ್4ನಿಂದ, ನಾನು ಯಾವುದು ಖಾಲಿ ಇದೆಯೋ ಅದರಿಂದ.

ಹೋದ ತಿಂಗಳು ಅಕ್ಕನ ಮಗ ಕೇಳಿದ, "ಮಾಮಾ, ಪಿಸಿ ತಗೊಳ್ಳಲಾ, ಪಿಎಸ್5 ತಗೊಳ್ಳಲಾ?" ರೇಟು ಹೇಳುವ ಮೊದಲು ನಾನು ಕೇಳಿದ್ದು, ಯಾರ ಜೊತೆ ಆಡ್ತೀಯ ಅಂತ. ಅಪಾರ್ಟ್‌ಮೆಂಟ್‌ನ ಐದು ಹುಡುಗರ ಹೆಸರು ಹೇಳಿದ. ಐವರ ಮನೆಯಲ್ಲೂ ಪಿಎಸ್5. "ಹಾಗಾದ್ರೆ ಅದನ್ನೇ ತಗೋ" ಅಂದೆ. ಜೊತೆಗೆ ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದೇನೆ. ಅದರಲ್ಲಿ ಕ್ರಿಕೆಟ್ 07 ಇದೆ. ಪ್ಯಾಚ್ ಹಾಕಿಲ್ಲ. ಮೂಲ ಫೈಲ್‌ಗಳ ಕಾಪಿ ಎಲ್ಲಿ ಎತ್ತಿಡಬೇಕು ಅಂತ ಮಾತ್ರ ತೋರಿಸಿಕೊಟ್ಟು ಬಂದಿದ್ದೇನೆ.