ಮೂರು ವರ್ಷ, ಎರಡು ಹಳೆಯ ರೂಟರ್, ಒಂದೇ ಕೇಬಲ್

ವೈಫೈ ಇನ್ನಷ್ಟು ದೂರ ತಲುಪಲೆಂದು, ದೂಳು ಹಿಡಿದು ಮೂಲೆ ಸೇರಿದ್ದ ಹಳೆಯ ರೂಟರನ್ನು ಇನ್ನೊಂದು ಹಳೆಯ ರೂಟರಿಗೆ ಕೇಬಲ್ ಎಳೆದು ಜೋಡಿಸಿ ಮೂರು ವರ್ಷವಾಯಿತು. ಅದಕ್ಕೂ ಮುಂಚೆ ವೈಫೈ ರಿಪೀಟರ್ ಇತ್ತು. ಸಿಗ್ನಲ್ ಗೆರೆಗಳು ತುಂಬಿರುತ್ತಿದ್ದವು, ಪುಟ ಮಾತ್ರ ತೆರೆಯುತ್ತಿರಲಿಲ್ಲ. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ದಾಟಿಸುವ ರಿಪೀಟರಿನಲ್ಲಿ ಅರ್ಧ ವೇಗ ಅಲ್ಲಿಯೇ ಸೋರಿಹೋಗುತ್ತದೆ. ಕೇಬಲ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಮೊದಲ ದಿನ ಕೇಬಲ್ ಸಿಕ್ಕಿಸಿದರೆ ಪೋರ್ಟಿನ ದೀಪವೇ ಹತ್ತಲಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಆದರೂ ಇಲ್ಲ. ಎರಡೂ ರೂಟರುಗಳ ಲ್ಯಾನ್ ಪೋರ್ಟುಗಳು (ಒಳಗಿನ ಸಾಧನಗಳಿಗೆ ಕೇಬಲ್ ಹಾಕುವ ಕಿಂಡಿಗಳು) ಒಂದೇ ಜೋಡಿ ತಂತಿಯಲ್ಲಿ ಕಳುಹಿಸುತ್ತವೆ. ನೇರ ಕೇಬಲ್ ಹಾಕಿದರೆ ಎರಡೂ ಮಾತನಾಡುತ್ತವೆ, ಕೇಳಿಸಿಕೊಳ್ಳುವವರು ಇರುವುದಿಲ್ಲ. ಎರಡರಲ್ಲಿ ಒಂದಕ್ಕಾದರೂ ಆಟೋ ಎಂಡಿಐ-ಎಕ್ಸ್ ಸೌಲಭ್ಯವಿದ್ದರೆ ಅದು ತಾನೇ ಅದಲುಬದಲು ಮಾಡಿಕೊಳ್ಳುತ್ತದೆ. ನನ್ನವೆರಡಕ್ಕೂ ಇರಲಿಲ್ಲ. ಕೇಬಲಿನ ಒಂದು ತುದಿ ಕತ್ತರಿಸಿ, ಎಂಟು ತಂತಿಗಳನ್ನು ಬೆರಳಲ್ಲಿ ನೇರ ಮಾಡಿ, ಕಿತ್ತಳೆ ಜೋಡಿಯ ಜಾಗಕ್ಕೆ ಹಸಿರು ಜೋಡಿಯನ್ನೂ ಹಸಿರಿನ ಜಾಗಕ್ಕೆ ಕಿತ್ತಳೆಯನ್ನೂ ಕೂರಿಸಿ ಹೊಸ ಕನೆಕ್ಟರ್ ಒತ್ತಿದೆ. 1 ಮತ್ತು 2ನೇ ಪಿನ್ನುಗಳು ಆಚೆ ತುದಿಯ 3 ಮತ್ತು 6ಕ್ಕೆ ಹೋದವು. ಸಿಕ್ಕಿಸಿದ ಕ್ಷಣದಲ್ಲೇ ಹಸಿರು ದೀಪ ಹತ್ತಿತು. ಆ ಸಂತೋಷ ಇನ್ನೂ ನೆನಪಿದೆ.

ಹೊಂದಿಸುವುದರಲ್ಲಿ ಮುಖ್ಯವಾದದ್ದು ಇಷ್ಟೇ. ಜೋಡಿಸುವ ಮೊದಲೇ ಎರಡನೆಯ ರೂಟರಿನ, ಅಂದರೆ ಇಂಟರ್ನೆಟ್ ನೇರವಾಗಿ ಬರದ ಒಳಗಿನದರ, ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಿಸಬೇಕು (ನನ್ನಲ್ಲಿ ಎರಡೂ 192.168.1.1 ಆಗಿದ್ದವು, ಒಂದನ್ನು 192.168.1.2 ಮಾಡಿದೆ), ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ಇಂಥ ವಿಳಾಸ ಹಂಚುವ ಕೆಲಸ) ನಿಲ್ಲಿಸಬೇಕು, ಕೇಬಲನ್ನು ಎರಡೂ ಕಡೆ ಲ್ಯಾನ್ ಪೋರ್ಟಿಗೇ ಹಾಕಬೇಕು. ಇಂಟರ್ನೆಟ್ ಪೋರ್ಟಿಗೆ ಹಾಕಿದರೆ ಎರಡನೆಯದು ತನ್ನದೇ ಬೇರೆ ಜಾಲ ಕಟ್ಟಿಕೊಳ್ಳುತ್ತದೆ. ಒಂದು ಕಡೆಯ ಪ್ರಿಂಟರ್ ಇನ್ನೊಂದು ಕಡೆಗೆ ಕಾಣುವುದಿಲ್ಲ.

ಎರಡನೇ ವರ್ಷದಲ್ಲಿ ಒಮ್ಮೆ ರೀಸೆಟ್ ಗುಂಡಿ ಒತ್ತಿ ಈ ಹೊಂದಿಕೆಯೆಲ್ಲ ಅಳಿಸಿಹೋಯಿತು. ಒಂದು ಮೊಬೈಲಿನಲ್ಲಿ ಇಂಟರ್ನೆಟ್ ಬರುತ್ತದೆ, ಪಕ್ಕದ ಲ್ಯಾಪ್‌ಟಾಪಿನಲ್ಲಿ ಇಲ್ಲ. ಎರಡು ರೂಟರುಗಳೂ ವಿಳಾಸ ಹಂಚಲು ಕುಳಿತಿವೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ದಿನ ಹೋಗಿತ್ತು. ಅಂದಿನಿಂದ ಎರಡನೆಯದರ ಬೆನ್ನಿಗೆ ಅದರ ವಿಳಾಸ ಮತ್ತು ‘ಡಿಎಚ್‌ಸಿಪಿ ಬೇಡ’ ಎಂದು ಬರೆದ ಚೀಟಿ ಅಂಟಿಸಿದ್ದೇನೆ.

ವೇಗದ ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ಇವು ಸೆಕೆಂಡಿಗೆ 100 ಮೆಗಾಬಿಟ್‌ನ ಪೋರ್ಟುಗಳು. ಕಡತ ನಕಲಿಸಿದರೆ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಬರುತ್ತದೆ, ಅದಕ್ಕಿಂತ ಮೇಲೇರದು. ವಿಡಿಯೊ ಕರೆಗೂ ಪಾಠಕ್ಕೂ ಅದು ಧಾರಾಳ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟು, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡಬರದಂತೆ ಚಾನೆಲ್ 1 ಮತ್ತು 11ಕ್ಕೆ ಬೇರ್ಪಡಿಸಿದ್ದೇನೆ. ಆದರೂ ಕೆಲವು ಮೊಬೈಲುಗಳು ದೂರದ ರೂಟರಿನ ಕ್ಷೀಣ ಸಿಗ್ನಲನ್ನೇ ಹಿಡಿದುಕೊಂಡಿರುತ್ತವೆ. ವೈಫೈ ಆರಿಸಿ ಮತ್ತೆ ಹಚ್ಚಬೇಕಾಗುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ಭದ್ರತೆ. ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ಪರಿಷ್ಕರಣೆ ನಿಂತುಹೋದ ರೂಟರನ್ನು ಇಂಟರ್ನೆಟ್ಟಿಗೆ ನೇರವಾಗಿ ಒಡ್ಡುವುದು ಸರಿಯಲ್ಲ. ಹಾಗಾಗಿ ಕಳೆದ ವರ್ಷ, ಇಂಟರ್ನೆಟ್ ನೇರವಾಗಿ ಬರುವ ಮೊದಲ ರೂಟರನ್ನು ಬದಲಿಸಿ ಹೊಸದು ಹಾಕಿದೆ. ಒಳಗಿನ ಹಳೆಯದನ್ನು ಡಬ್ಲ್ಯುಪಿಎ2 (ವೈಫೈ ಭದ್ರತೆಯ ಒಂದು ವಿಧಾನ) ಮತ್ತು ಹೊಸ ನಿರ್ವಹಣಾ ಪಾಸ್‌ವರ್ಡಿನೊಂದಿಗೆ ಉಳಿಸಿಕೊಂಡಿದ್ದೇನೆ, ಅದೂ ಸದ್ಯಕ್ಕೆ. ಹೊಸದಕ್ಕೆ ಆಟೋ ಎಂಡಿಐ-ಎಕ್ಸ್ ಇರುವುದರಿಂದ, ನಾನೇ ಒತ್ತಿದ ಆ ಅದಲುಬದಲಿನ ಕೇಬಲನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ.