ಬೇಗ ಒಪ್ಪಿಕೊಂಡುಬಿಡುವ ಕ್ಲೈಂಟ್: ಆಪ್ತಸಮಾಲೋಚಕರ ತರಬೇತಿಗೆ ಬಂದ ಎಐ ತಂತ್ರಾಂಶದ ಬಗ್ಗೆ

ಕುಡಿತ, ಮಾದಕ ವಸ್ತುಗಳ ವ್ಯಸನದಲ್ಲಿರುವವರ ಜತೆ ಕೆಲಸ ಮಾಡುವ ಆಪ್ತಸಮಾಲೋಚಕರಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಎಐ ಕ್ಲೈಂಟ್ ಜತೆ ಮಾತಾಡುತ್ತಾ ಅಭ್ಯಾಸ ಮಾಡುವ ಒಂದು ತಂತ್ರಾಂಶವನ್ನು ಹೊಸ ಬ್ಯಾಚಿನವರ ಕೈಗೆ ಕೊಟ್ಟು, ನಾನೂ ಅವರ ಪಕ್ಕದಲ್ಲೇ ಕೂತು ಬಳಸಿದ್ದೇನೆ. ತಗೊಳ್ಳಬಹುದಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ತಗೊಳ್ಳಿ, ಆದರೆ ಆ ಸಂಭಾಷಣೆಗಳನ್ನು ಕೂತು ಓದುವ ಅನುಭವಸ್ಥ ಸೂಪರ್‌ವೈಸರ್ ನಿಮ್ಮಲ್ಲಿದ್ದರೆ ಮಾತ್ರ.

ಬಳಸುವುದು ಸುಲಭ. ಒಂದು ಪಾತ್ರ ಆರಿಸಿಕೊಳ್ಳಬೇಕು: ಕೆಲಸದ ಕಡೆಯವರು ಒತ್ತಾಯ ಮಾಡಿದ್ದಕ್ಕೆ ಬಂದವನು, ನಿದ್ರೆ ಮಾತ್ರೆಯ ಜತೆ ಕುಡಿಯುವವಳು, ಬಹಳ ಕಾಲ ಬಿಟ್ಟಿದ್ದು ಮತ್ತೆ ಶುರು ಮಾಡಿಕೊಂಡವನು, ಹೀಗೆ. ಟೈಪ್ ಮಾಡಿ ಮಾತಾಡಬಹುದು, ಧ್ವನಿಯಲ್ಲೂ ಮಾತಾಡಬಹುದು. ಕ್ಲೈಂಟ್ ಎಷ್ಟು ಪ್ರತಿರೋಧ ತೋರಿಸಬೇಕು ಎಂದು ಹೊಂದಿಸಬಹುದು. ಮುಗಿದ ಮೇಲೆ ಪೂರ್ತಿ ಸಂಭಾಷಣೆ ಬರಹದಲ್ಲಿ ಸಿಗುತ್ತದೆ. ಕಲಿಯುವವರ ಒಂದೊಂದು ಮಾತಿನ ಪಕ್ಕದಲ್ಲೂ ಅದು ತೆರೆದ ಪ್ರಶ್ನೆಯಾ, ಹೌದು-ಇಲ್ಲ ಪ್ರಶ್ನೆಯಾ, ಕ್ಲೈಂಟ್ ಹೇಳಿದ್ದರ ಪ್ರತಿಫಲನವಾ (ಅವರ ಮಾತಿನ ಅರ್ಥವನ್ನು ನಮ್ಮ ಮಾತಲ್ಲಿ ಅವರಿಗೇ ಮರಳಿ ಹೇಳುವುದು), ಕೇಳದೇ ಕೊಟ್ಟ ಸಲಹೆಯಾ ಎಂಬ ಗುರುತು ಇರುತ್ತದೆ. ಇಡೀ ಅಂಕಪದ್ಧತಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ವಿಧಾನದ ಮೇಲೆ ನಿಂತಿದೆ; ಉಪದೇಶ ಮಾಡದೆ, ಬದಲಾಗಲು ಕಾರಣಗಳು ಕ್ಲೈಂಟ್ ಬಾಯಿಂದಲೇ ಬರುವಂತೆ ಮಾತಾಡಿಸುವುದು ಅದರ ತಿರುಳು. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಆಮೇಲೆ ಸ್ಟೀಫನ್ ರೋಲ್ನಿಕ್ ಜತೆ ಸೇರಿ ಬೆಳೆಸಿದ ಈ ವಿಧಾನ ವ್ಯಸನದ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಒಂದು ಪ್ರಶ್ನೆಗೆ ಎರಡು ಪ್ರತಿಫಲನ ಇದ್ದರೆ ಒಳ್ಳೆಯ ಮಟ್ಟ, ಸಮಸಮ ಇದ್ದರೆ ಪರವಾಗಿಲ್ಲ ಎಂಬ ಅಳತೆಯೂ ಆ ವಿಧಾನದ ಮೌಲ್ಯಮಾಪನದಿಂದಲೇ ಬಂದದ್ದು.

ಇಂಥದ್ದೊಂದು ಬೇಕಾ ಎಂದು ಕೇಳಿದರೆ, ಖಂಡಿತ ಬೇಕು. ವೈದ್ಯಕೀಯ ಶಿಕ್ಷಣದಲ್ಲಿ ರೋಗಿಯ ಪಾತ್ರಕ್ಕೆ ತರಬೇತಾದವರನ್ನು ಕೂರಿಸಿ ಕಲಿಸುವ ಪದ್ಧತಿಯನ್ನು 1963ರಲ್ಲೇ ಹೊವಾರ್ಡ್ ಬ್ಯಾರೋಸ್ ಶುರು ಮಾಡಿದ್ದರು. ಆದರೆ ಅದಕ್ಕೆ ಜನ ಬೇಕು, ಸಮಯ ಬೇಕು, ದುಡ್ಡು ಬೇಕು. ಹೆಚ್ಚಿನ ಕಡೆ ನಡೆಯುವುದು ಸಹಪಾಠಿಗಳ ನಡುವಿನ ರೋಲ್ ಪ್ಲೇ. ಅಲ್ಲಿ ಗೆಳತಿ ತಡವರಿಸುತ್ತಿದ್ದಾಳೆ ಎಂದು ಗೊತ್ತಾದ ತಕ್ಷಣ ಕ್ಲೈಂಟ್ ಆಗಿದ್ದವಳು ಪಾತ್ರ ಬಿಟ್ಟು ಸಹಾಯಕ್ಕೆ ಬರುತ್ತಾಳೆ. ಕೊನೆಗೆ ನಿಜವಾದ ಕಲಿಕೆ ನಡೆಯುವುದು ನಿಜವಾದ ಕ್ಲೈಂಟ್ ಮೇಲೆ. ಧೈರ್ಯ ಮಾಡಿ ಮೊದಲ ಸಲ ಬಾಗಿಲು ದಾಟಿ ಬಂದ ಮನುಷ್ಯ ನಮ್ಮ ಅಭ್ಯಾಸದ ಸಾಮಗ್ರಿ ಆಗಬಾರದು. ಈ ಒಂದು ಕಾರಣಕ್ಕೇ ಇಂಥ ತಂತ್ರಾಂಶಕ್ಕೆ ನನ್ನ ಬೆಂಬಲ ಇದೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಹಿಂದಕ್ಕೆ ಹೋಗುವ ಸೌಲಭ್ಯ. ಸಂಭಾಷಣೆಯ ಯಾವುದೇ ಮಾತಿಗೆ ವಾಪಸ್ ಹೋಗಿ, ಅಲ್ಲಿಂದ ಬೇರೆ ಥರ ಮುಂದುವರಿಸಬಹುದು. ಒಂದು ಉದಾಹರಣೆ ಕೊಡುತ್ತೇನೆ. ಕೆಲಸದ ಕಡೆಯಿಂದ ಬಂದ ಪಾತ್ರ ಹೇಳುತ್ತದೆ: "ನಾನೇನು ಕುಡುಕ ಅಲ್ಲ. ರಜೆ ಇದ್ದಾಗ ಮಾತ್ರ ತಗೊಳ್ತೀನಿ. ಅವರು ಸುಮ್ನೆ ದೊಡ್ಡದು ಮಾಡ್ತಿದಾರೆ." ನಮ್ಮ ಹುಡುಗ ತಕ್ಷಣ ಕೇಳಿದ: "ಆದ್ರೆ ಸರ್, ಕೆಲಸಕ್ಕೇ ಕುಡಿದು ಹೋಗಿದ್ರಿ ಅಂತ ಇಲ್ಲಿ ಬರೆದಿದ್ದಾರಲ್ಲ?" ಪಾತ್ರ ಸೆಟೆದುಕೊಂಡಿತು. ಆಮೇಲೆ ಬಂದದ್ದೆಲ್ಲ ವಾದ. ಹಿಂದಕ್ಕೆ ಹೋಗಿ ಇನ್ನೊಂದು ಥರ ಹೇಳಿಸಿದೆ: "ನಿಮ್ಮನ್ನ ಒಂದು ಮಾತೂ ಕೇಳದೆ ಬೇರೆಯವರೇ ತೀರ್ಮಾನ ಮಾಡಿಬಿಟ್ರು ಅನ್ನಿಸ್ತಿದೆ ನಿಮಗೆ." ಈಗ ಉತ್ತರ ಬಂತು: "ಹೂಂ, ಅದೇ. ಮನೇಲೂ ಹಾಗೇ. ಮಗಳು ಮಾತಾಡೋದೇ ಬಿಟ್ಟಿದಾಳೆ."

ಮಗಳ ವಿಷಯ ಅವನಾಗಿಯೇ ತಂದ. ಕೆದಕಿ ಕೇಳಿದ್ದರೆ ಬರುತ್ತಿರಲಿಲ್ಲ. ಎದುರಿಗಿರುವವರನ್ನು ತಿದ್ದಿಬಿಡಬೇಕು ಎಂಬ ಆತುರ ಸಂಭಾಷಣೆಯನ್ನು ಹೇಗೆ ಕೆಡಿಸುತ್ತದೆ ಎಂದು ತರಗತಿಯಲ್ಲಿ ಎಷ್ಟು ವಿವರಿಸಿದರೂ, ಹೀಗೆ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ತಾಗುವಷ್ಟು ತಾಗುವುದಿಲ್ಲ. ನಿಜವಾದ ಕ್ಲೈಂಟ್ ಹತ್ತಿರ ಆಡಿದ ಮಾತನ್ನು ವಾಪಸ್ ತಗೊಳ್ಳಲು ಆಗುವುದೂ ಇಲ್ಲ.

ಈಗ ಕೊರತೆಗಳು. ಮೊದಲನೆಯದು ಮತ್ತು ದೊಡ್ಡದು: ಈ ಕ್ಲೈಂಟ್ ತುಂಬಾ ಬೇಗ ಒಪ್ಪಿಕೊಳ್ಳುತ್ತಾನೆ. ಪ್ರತಿರೋಧವನ್ನು ಮಧ್ಯಮಕ್ಕೆ ಇಟ್ಟರೆ, ಎರಡು ಮೂರು ಒಳ್ಳೆಯ ಪ್ರತಿಫಲನಗಳಾಗುವಷ್ಟರಲ್ಲಿ "ನೀವು ಹೇಳಿದ್ದು ಸರಿ, ನಾನು ಬದಲಾಗಬೇಕು" ಎಂದುಬಿಡುತ್ತಾನೆ. ಇಂಥ ಎಐ ಹಿಂದೆ ಇರುವ ಭಾಷಾ ಮಾದರಿಗಳಿಗೆ ಮನುಷ್ಯರ ಮೆಚ್ಚುಗೆಯನ್ನೇ ಆಧಾರ ಮಾಡಿಕೊಂಡು ತರಬೇತಿ ಕೊಟ್ಟಿರುತ್ತಾರೆ. ಎದುರಿಗಿರುವವರಿಗೆ ಹಿತವಾಗುವಂತೆ ಮಾತಾಡುವ ಒಲವು ಅಲ್ಲಿಂದ ಬರುತ್ತದೆ, ಪಾತ್ರ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಮಾಡಿದ ಎಲೈಜಾ ಎಂಬ ಪ್ರೋಗ್ರಾಂ ಚಿಕಿತ್ಸಕರ ಥರ ನಮ್ಮ ಮಾತನ್ನೇ ನಮಗೆ ತಿರುಗಿಸಿ ಕೇಳುತ್ತಿತ್ತು. ಈಗ ಯಂತ್ರ ಕ್ಲೈಂಟ್ ಕುರ್ಚಿಗೆ ಬಂದು ಕೂತಿದೆ, ಆದರೆ ಸಂತೋಷಪಡಿಸುವ ಗುಣವನ್ನೂ ಜತೆಗೇ ತಂದಿದೆ.

ಇದು ಸಣ್ಣ ವಿಷಯ ಅಲ್ಲ. ಸರಿಯಾದ ವಾಕ್ಯ ಹೇಳಿದರೆ ಸರಿಯಾದ ಫಲ ಸಿಗುತ್ತದೆ ಎಂದು ಕಲಿತವರು, ಕುಡಿತದಲ್ಲಿರುವ ನಿಜವಾದ ವ್ಯಕ್ತಿ ಮೂರನೇ ವಾರವೂ ಗೋಡೆ ನೋಡುತ್ತಾ ಕೂತಾಗ ತಮ್ಮನ್ನೇ ಅನುಮಾನಿಸುತ್ತಾರೆ. ಇಲ್ಲವೇ, ಇನ್ನೂ ಕೆಟ್ಟದ್ದು, ಈ ಕ್ಲೈಂಟ್‌ಗೆ ಬಿಡುವ ಮನಸ್ಸೇ ಇಲ್ಲ ಎಂದು ಬರೆದಿಡುತ್ತಾರೆ. ಬಿಡಬೇಕು ಎನ್ನುವುದೂ ಬಿಡಲಾರೆ ಎನ್ನುವುದೂ ಒಂದೇ ಮನಸ್ಸಿನಲ್ಲಿ ಒಟ್ಟಿಗೇ ಇರುತ್ತವೆ. ಆ ಎಳೆದಾಟದ ಪಕ್ಕ ತಾಳ್ಮೆಯಿಂದ ಕೂರುವುದೇ ನಮ್ಮ ಕೆಲಸದ ಬಹುಪಾಲು.

ಪಾತ್ರದ ವಿವರದಲ್ಲಿ ನಾವೇ ಕೆಲವು ಸಾಲು ಸೇರಿಸಬಹುದು. "ಈ ಭೇಟಿಯಲ್ಲಿ ಬಿಡುತ್ತೇನೆ ಎಂದು ಒಪ್ಪಬೇಡ. ಚಿಕ್ಕ ಉತ್ತರ ಕೊಡು. ಉಪದೇಶ ಅನ್ನಿಸಿದರೆ ಎದ್ದು ಹೋಗು" ಎಂದು ಬರೆದ ಮೇಲೆ ಸಾಕಷ್ಟು ಸುಧಾರಿಸಿತು. ಚಿಕ್ಕ ಉತ್ತರ ಎಂದು ಹೇಳದಿದ್ದರೆ ಅದು ತನ್ನ ಕುಡಿತದ ಕಥೆಯನ್ನು ಪ್ಯಾರಾ ಪ್ಯಾರಾ, ಕಾರಣ ಸಮೇತ ವಿವರಿಸುತ್ತದೆ. ಹಾಗೆ ಮಾತಾಡುವ ಕ್ಲೈಂಟ್ ನನಗಂತೂ ಸಿಕ್ಕಿಲ್ಲ. ಧ್ವನಿಯ ಆವೃತ್ತಿಯಲ್ಲಿ ಮೌನಕ್ಕೆ ಜಾಗವೇ ಇಲ್ಲ, ನಾವು ಸ್ವಲ್ಪ ಸುಮ್ಮನಾದರೆ ಅದೇ ಮಾತು ಶುರು ಮಾಡುತ್ತದೆ.

ನನಗೆ ನಿಜವಾಗಿ ಗಾಬರಿಯಾದದ್ದು ಬೇರೆ ಕಡೆ. ಒಂದು ಸಂಭಾಷಣೆಯಲ್ಲಿ ಪಾತ್ರ ಹೇಳಿತು: ವರ್ಷಗಳಿಂದ ದಿನಾ ಕುಡಿಯುತ್ತಿದ್ದೆ, ನಿನ್ನೆ ಬೆಳಿಗ್ಗೆ ಪೂರ್ತಿ ನಿಲ್ಲಿಸಿದೆ, ರಾತ್ರಿ ನಿದ್ರೆ ಇಲ್ಲ, ಕೈ ನಡುಗುತ್ತಿದೆ. ಕಲಿಯುತ್ತಿದ್ದವಳು ಅವನ ನಿರ್ಧಾರವನ್ನು ಮೆಚ್ಚಿ, ಕಷ್ಟವನ್ನು ಚೆನ್ನಾಗಿ ಪ್ರತಿಫಲಿಸಿ ಮುಂದೆ ಹೋದಳು. ತಂತ್ರಾಂಶ ಹೆಚ್ಚಿನ ಅಂಕ ಕೊಟ್ಟಿತು. ಅಲ್ಲಿ ಮೊದಲು ಕೇಳಬೇಕಿದ್ದದ್ದು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇಲ್ಲದ್ದು ಕಾಣಿಸುತ್ತಿದೆಯಾ, ಗೊಂದಲ ಆಗುತ್ತಿದೆಯಾ ಎಂದು. ಮಾಡಬೇಕಿದ್ದದ್ದು, ಆ ಹೊತ್ತಿಗೇ ವೈದ್ಯರ ಹತ್ತಿರ ಕಳಿಸುವುದು. ವಿಪರೀತ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಫಿಟ್ಸ್ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಬರುತ್ತದೆ. ಡೆಲಿರಿಯಂ ಟ್ರೆಮೆನ್ಸ್ ಎಂಬ, ನಡುಕದ ಜತೆ ತೀವ್ರ ಗೊಂದಲ, ಭ್ರಮೆ ಆಗುವ ಸ್ಥಿತಿ ಹೆಚ್ಚಾಗಿ 48ರಿಂದ 96 ಗಂಟೆಯ ನಡುವೆ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಹೆರಾಯಿನ್‌ನಂಥದ್ದನ್ನು ಕೆಲವು ವಾರ ಬಿಟ್ಟವರು ಮತ್ತೆ ಹಳೆಯ ಪ್ರಮಾಣವನ್ನೇ ತಗೊಂಡರೆ ದೇಹ ತಡೆಯುವುದಿಲ್ಲ ಎಂಬುದನ್ನು ಕ್ಲೈಂಟ್‌ಗೆ ಹೇಳಿದ್ದಾರಾ ಎಂದೂ ಇದು ನೋಡುವುದಿಲ್ಲ. ಸಹಾನುಭೂತಿಗೆ ಅಂಕ ಇದೆ, ಸುರಕ್ಷತೆಗೆ ಇಲ್ಲ. ತಯಾರಿಸಿದವರಿಗೆ ಇದನ್ನು ಬರೆದು ತಿಳಿಸಿದ್ದೇನೆ. ಅವರು ಸರಿಪಡಿಸುವವರೆಗೆ ಈ ಭಾಗವನ್ನು ನಾವೇ ಕಲಿಸಬೇಕು.

ಅಂಕದ ಬಗ್ಗೆ ಇನ್ನೊಂದು ಮಾತು. ಸ್ವಲ್ಪ ಕಾಲ ಬಳಸಿದ ಮೇಲೆ ಕೆಲವರು ಅಂಕಕ್ಕಾಗಿಯೇ ಮಾತಾಡಲು ಶುರು ಮಾಡುತ್ತಾರೆ. ಪ್ರತಿ ಮಾತಿಗೂ "ಅಂದ್ರೆ ನಿಮಗೆ ಹೀಗನ್ನಿಸ್ತಿದೆ" ಎಂಬ ಒಂದೇ ರಾಗ. ಅದಕ್ಕೇ ನಾನು ಅಂಕವನ್ನು ಮೊದಲು ತೋರಿಸುವುದಿಲ್ಲ. ನಿಮ್ಮ ಪ್ರಕಾರ ಹೇಗಾಯಿತು ಎಂದು ಬರೆಸುತ್ತೇನೆ, ಆಮೇಲೆ ಇಬ್ಬರೂ ಕೂತು ಸಂಭಾಷಣೆ ಓದುತ್ತೇವೆ, ಕೊನೆಗೆ ಅಂಕ. ಮಿಲ್ಲರ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವ್ಯಸನದ ಕ್ಷೇತ್ರದಲ್ಲಿ ಪರವಾನಗಿ ಪಡೆದು ಕೆಲಸ ಮಾಡುತ್ತಿದ್ದ 140 ಜನರನ್ನು ಐದು ಗುಂಪು ಮಾಡಿ, ಬೇರೆಬೇರೆ ರೀತಿಯ ತರಬೇತಿಯನ್ನು ಹೋಲಿಸಿದ್ದರು. ಕಾರ್ಯಾಗಾರದ ಜತೆ ಫೀಡ್‌ಬ್ಯಾಕ್ ಅಥವಾ ಒಬ್ಬೊಬ್ಬರಿಗೇ ಮಾರ್ಗದರ್ಶನ ಸಿಕ್ಕವರ ಕೌಶಲ ಹೆಚ್ಚು ಬೆಳೆದಿತ್ತು. ನಾನು ಚೆನ್ನಾಗಿ ಮಾಡುತ್ತೇನೆ ಎಂದು ಅವರು ತಮ್ಮ ಬಗ್ಗೆ ಹೇಳಿಕೊಂಡದ್ದಕ್ಕೂ, ಧ್ವನಿಮುದ್ರಣದಲ್ಲಿ ಕಂಡ ಕೌಶಲಕ್ಕೂ ಸಂಬಂಧವೇ ಇರಲಿಲ್ಲ. ತಾನು ಅಂದುಕೊಂಡದ್ದನ್ನೂ ಆಡಿದ ಮಾತನ್ನೂ ಎದುರುಬದುರು ಇಟ್ಟು ನೋಡುವ ಅವಕಾಶ ಈ ತಂತ್ರಾಂಶದಲ್ಲಿ ಪ್ರತಿ ಸಲವೂ ಸಿಗುತ್ತದೆ. ಅದನ್ನು ಕಳೆದುಕೊಳ್ಳಬೇಡಿ.

ಪಾತ್ರ ಸೃಷ್ಟಿಸುವಾಗ ನಿಜವಾದ ಕ್ಲೈಂಟ್‌ನ ವಿವರ ಹಾಕಲೇಬೇಡಿ. ಹೆಸರು ಬದಲಾಯಿಸಿದರೆ ಸಾಕಲ್ಲವಾ ಎಂದು ನಮ್ಮವರೊಬ್ಬರು ಕೇಳಿದರು. ಸಾಲದು. ಮುಚ್ಚಿದ ಕೋಣೆಯಲ್ಲಿ ನಂಬಿ ಹೇಳಿದ ಕಥೆ ಅಲ್ಲೇ ಇರಬೇಕು.

ಹೊಸಬರಿಗೆ ಮೊದಲ ತಿಂಗಳುಗಳಲ್ಲಿ ಇದು ಬಹಳ ಉಪಯೋಗ. ಸೂಪರ್‌ವೈಸರ್ ಬದಲಿಗೆ ಇದನ್ನೇ ಇಟ್ಟುಕೊಳ್ಳೋಣ ಎನ್ನುವ ಸಂಸ್ಥೆಗಳು ದಯವಿಟ್ಟು ದೂರ ಇರಲಿ. ಮುಂದಿನ ಆವೃತ್ತಿಯಲ್ಲಿ ನಾನು ಕೇಳುತ್ತಿರುವುದು ನೆನಪು ಇರುವ ಕ್ಲೈಂಟ್. ಈಗ ಪ್ರತಿ ಸಂಭಾಷಣೆಯೂ ಮೊದಲ ಭೇಟಿಯೇ. ಕಳೆದ ಸಲ ಏನು ಮಾತಾಯಿತು, ಏನು ಮಾತು ಕೊಟ್ಟಿದ್ದ, ಅದು ಎಲ್ಲಿ ತಪ್ಪಿತು ಎಂಬುದೆಲ್ಲ ತಲೆಯಲ್ಲಿಟ್ಟುಕೊಂಡು, ಮತ್ತೆ ಕುಡಿದು, ನಾಚಿಕೆಯಿಂದ ವಾಪಸ್ ಬಂದವನ ಜತೆ ಮಾತಾಡುವುದನ್ನು ನಮ್ಮ ಹುಡುಗರು ಅಭ್ಯಾಸ ಮಾಡಬೇಕಾಗಿದೆ. ಅಂಥ ಪಾತ್ರವೊಂದು ಬಂದ ದಿನ ಇದನ್ನು ಮತ್ತೊಮ್ಮೆ ಕೂಲಂಕಷವಾಗಿ ನೋಡಿ ಬರೆಯುತ್ತೇನೆ.